ಎಡವಿದ ದೃಶ್ಯದಲ್ಲೇ ಪಾಠವಿದೆ

'ಬದ್ಲಾಪುರ್' ಎರಡು ಸಲ ನೋಡಿದರೂ ದ್ವಿತೀಯಾರ್ಧ ಹಿಡಿಸಲಿಲ್ಲ, ಇದರಿಂದ ನಿರ್ದೇಶನ ಕಲಿಯುವುದೇನಿದೆ ಎಂದು ಕೇಳಿದ್ದೀರಿ. ಬಹಳಷ್ಟಿದೆ! ಶ್ರೀರಾಮ್ ರಾಘವನ್ ಅವರ ಈ 2015ರ ಹಿಂದಿ ಚಿತ್ರದ ಆರಂಭವನ್ನು ಧ್ವನಿ ಆರಿಸಿ ಮತ್ತೆ ನೋಡಿ. ಕ್ಯಾಮೆರಾ ಬೀದಿಯನ್ನು ನೋಡುತ್ತ ಸುಮ್ಮನೆ ನಿಂತಿದೆ. ಜನ ತಮ್ಮ ಪಾಡಿಗೆ ಓಡಾಡುತ್ತಿದ್ದಾರೆ. ಆ ನಿತ್ಯದ ಗಡಿಬಿಡಿಯೊಳಗಿಂದಲೇ ಬ್ಯಾಂಕ್ ದರೋಡೆ ಸಿಡಿಯುತ್ತದೆ, ತಾಯಿ ಮಗುವಿನ ಕಾರಿಗೆ ಕಳ್ಳರು ನುಗ್ಗುತ್ತಾರೆ. ಎಲ್ಲಿ ನೋಡಬೇಕೆಂದು ನಮಗೆ ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ಎದೆ ಝಲ್ಲೆನ್ನುವುದು ಅದಕ್ಕೇ.

ಈಗ ನಿಮಗೆ ಹಿಡಿಸದ ಭಾಗ. ಕಥೆ 15 ವರ್ಷ ಮುಂದಕ್ಕೆ ಹಾರುತ್ತದೆ. ನವಾಜುದ್ದೀನ್ ಸಿದ್ದಿಕಿ ಅವರ ದರೋಡೆಕೋರ ಲಿಯಾಕ್‌ನ ಮೈಯಲ್ಲಿ, ನಗೆಯಲ್ಲಿ ಜೈಲಿನ ಕಾಲ ಇಳಿದಿದೆ. ಆ ದರೋಡೆಯಲ್ಲಿ ಹೆಂಡತಿ ಮಗುವನ್ನು ಕಳೆದುಕೊಂಡ, ವರುಣ್ ಧವನ್ ಅವರ ರಘುವಿನಲ್ಲಿ ಕಾಲ ಗಡ್ಡವಾಗಿಯಷ್ಟೇ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ. ದ್ವೇಷ ಹಳತಾಗಿದೆ, ಆದರೆ ಅದು ಹಳತಾದ ಬಗೆಯನ್ನು ನಾವು ಕಂಡಿಲ್ಲ. ಬರವಣಿಗೆಯ ತೊಡಕು ಇದು, ನಟನದ್ದಲ್ಲ.

ಅಲ್ಲೇ ಚಿತ್ರವನ್ನು ನಿಲ್ಲಿಸಿ. ಆ 15 ವರ್ಷಗಳ ನಡುವಿನ ಒಂದೇ ಒಂದು ದೃಶ್ಯವನ್ನು ಮಾತಿಲ್ಲದೆ ಬರೆಯಿರಿ: ರಘು ಒಬ್ಬನೇ, ಒಂದು ಕೋಣೆ, ಒಂದು ವಸ್ತು. ನಾನು ಮಗುವಿನ ಚಪ್ಪಲಿ ಇಟ್ಟು ಬರೆದೆ. ಅತಿಯಾಯಿತು ಅನ್ನಿಸಿ ತೆಗೆದೆ. ನೀವು ಏನನ್ನು ಇಡುತ್ತೀರಿ? ಬರೆದು ಇಲ್ಲೇ ಹಾಕಿ, ಖಂಡಿತ ಓದುತ್ತೇನೆ.