ಅಂತರ ಇಂಜೆಕ್ಷನ್: 78 ಕೆಜಿ ಇದ್ದವರಿಗೂ ಅದೇ ಡೋಸ್ ಸಾಕಾ?
ಮೂರು ತಿಂಗಳಿಗೊಮ್ಮೆ ಕೊಡುವ ಗರ್ಭನಿರೋಧಕ ಇಂಜೆಕ್ಷನ್ ‘ಅಂತರ’ ಎರಡು ಡೋಸ್ ತಗೊಂಡ ಮೇಲೆ ಮುಟ್ಟು ನಿಂತಿದೆ, ತೂಕವೂ ಏರಿದೆ, ನನ್ನ ತೂಕಕ್ಕೆ ಡೋಸ್ ಸಾಲದೆ ಹೀಗಾಯಿತಾ ಎಂದು ಕೇಳಿದ್ದೀರಿ. ಮುಟ್ಟು ನಿಂತಿದ್ದು ಬಹುಶಃ ಇಂಜೆಕ್ಷನ್ನಿನಿಂದಲೇ, ಡೋಸ್ ಸಾಲದೆ ಅಲ್ಲ. ಅದರ ಹಾರ್ಮೋನು ಗರ್ಭಕೋಶದ ಒಳಪದರವನ್ನು ತೆಳ್ಳಗೆ ಮಾಡುತ್ತದೆ, ಹೊರಗೆ ಹೋಗಲು ಏನೂ ಉಳಿದಿರುವುದಿಲ್ಲ. ಕೆಟ್ಟ ರಕ್ತ ಒಳಗೇ ಕಟ್ಟಿಕೊಳ್ಳುತ್ತದೆ ಎಂದು ನಿಮ್ಮ ಅತ್ತೆ ಹೇಳಿದ್ದು ನಿಜವಲ್ಲ. (ನನಗೂ ಅದನ್ನೇ ಹೇಳಿದ್ದರು!) 150 ಮಿಲಿಗ್ರಾಂ ಡೋಸ್ 50 ಕೆಜಿಯವರಿಗೂ ನಿಮಗೂ ಒಂದೇ.

ಆದರೂ ಎರಡನೇ ಡೋಸ್ 4 ವಾರಕ್ಕಿಂತ ಜಾಸ್ತಿ ತಡವಾಗಿದ್ದರೆ ಮೊದಲು ಪ್ರೆಗ್ನೆನ್ಸಿ ಟೆಸ್ಟ್ ಮಾಡಿಕೊಳ್ಳಿ.

ನಿಜಕ್ಕೂ ಗಮನಿಸಬೇಕಾದ್ದು ತೂಕ. 6 ತಿಂಗಳಲ್ಲಿ 78ರಿಂದ 82 ಕೆಜಿ ಅಂದರೆ ಶೇ. 5ಕ್ಕಿಂತ ಸ್ವಲ್ಪ ಮೇಲೆ. ಮೊದಲ 6 ತಿಂಗಳಲ್ಲೇ ಇಷ್ಟು ಏರಿದವರಿಗೆ ಮುಂದೆಯೂ ಏರುವ ಸಾಧ್ಯತೆ ಹೆಚ್ಚು. ನಿಮಗೂ ಹಾಗೇ ಆಗುತ್ತದೆ ಅಂತ ಖಚಿತವಾಗಿ ಹೇಳಲಾಗದು. ಒಂದೇ ತಕ್ಕಡಿಯಲ್ಲಿ ಇನ್ನೊಮ್ಮೆ ತೂಕ ನೋಡಿ. ಮೂರನೇ ಡೋಸಿಗೆ ಮುಂಚೆಯೇ ಇಂಜೆಕ್ಷನ್ ಕಾರ್ಡ್ ಹಿಡಿದು ಡಾಕ್ಟರ ಹತ್ತಿರ ಹೋಗಿ, ಹಾರ್ಮೋನಿಲ್ಲದ ಕಾಪರ್-ಟಿ ಬಗ್ಗೆ ಕೇಳಿ.

ಸುಮ್ನೆ ಡೋಸ್ ತಪ್ಪಿಸಬೇಡಿ. ನಿಲ್ಲಿಸುವುದಾದರೆ ಮುಂದಿನ ಡೋಸ್ ತಗೊಳ್ಳಬೇಕಿದ್ದ ದಿನದಿಂದಲೇ ಕಾಂಡೋಮ್ ಬಳಸಿ. ಮುಟ್ಟು ಮರಳಲು ಕೆಲವು ತಿಂಗಳು ಹಿಡಿಯಬಹುದು. ಅಷ್ಟರೊಳಗೆ ವಿಪರೀತ ರಕ್ತಸ್ರಾವವಾದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.