ಯಾಂಗ್ ಮನೆತನದ ಕಥೆ ಸಿನಿಮಾ ಆಗಬೇಕಾದರೆ ಇತಿಹಾಸವನ್ನು ಹಿಡಿಯಬೇಕೇ, ದಂತಕಥೆಯನ್ನೇ?

ಹತ್ತನೆಯ ಶತಮಾನದ ಚೀನಾದ ಯಾಂಗ್ ಸೇನಾನಿ ಮನೆತನದ ಮೇಲೆ ಚಿತ್ರಕಥೆ ಬರೆಯಲು ಹೊರಟ ನೀವು, ಅದರ ಏಳು ಮಂದಿ ಗಂಡುಮಕ್ಕಳಲ್ಲಿ ಯಾರನ್ನು ಕೈಬಿಡಲಿ, ಇತಿಹಾಸಕ್ಕೆ ನಿಷ್ಠನಾಗಿರಲೋ ದಂತಕಥೆಗೋ ಎಂದು ಕೇಳಿದ್ದೀರಿ. ಹನ್ನೆರಡು ವರ್ಷಗಳ ಹಿಂದೆ ಬೀಜಿಂಗ್‌ನ ಬಾಡಿಗೆ ಕೋಣೆಯಲ್ಲಿ ಇದೇ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ.

ಶಾನ್‌ಷಿ ಪ್ರಾಂತ್ಯದ ಸಹಪಾಠಿಯೊಬ್ಬನ ಜೊತೆ ಸೇರಿ ಚಿತ್ರಕಥೆ ಬರೆಯುತ್ತಿದ್ದೆ. ಕಥೆ ನಿಮಗೆ ಗೊತ್ತೇ ಇದೆ: ಉತ್ತರ ಗಡಿಯಾಚೆಯ ಖಿತಾನರ ಮೇಲೆ ಯುದ್ಧಕ್ಕೆ ಹೊರಟ ಸೊಂಗ್ ವಂಶದ ಮುದಿ ಸೇನಾನಿ ಯಾಂಗ್ ಯೆ, ಅವನ ಮಕ್ಕಳು, ಹಗೆ ಸಾಧಿಸಲು ನೆರವು ತಡೆಯುವ ಅವನ ಮೇಲಧಿಕಾರಿ ಪಾನ್. ನಾಲ್ಕನೆಯವನು ಸೆರೆಸಿಕ್ಕಿ ಶತ್ರುರಾಜಕುಮಾರಿಯ ಗಂಡನಾಗುತ್ತಾನೆ, ಐದನೆಯವನು ವೂತಾಯ್ ಬೆಟ್ಟದಲ್ಲಿ ಸನ್ಯಾಸಿಯಾಗುತ್ತಾನೆ, ಏಳನೆಯವನನ್ನು ಪಾನ್ ಕಟ್ಟಿಹಾಕಿ ಬಾಣಗಳಿಂದ ಕೊಲ್ಲಿಸುತ್ತಾನೆ, ಆರನೆಯವನು ಮಾತ್ರ ಮನೆಗೆ ಮರಳುತ್ತಾನೆ. ನಾನು ಒಬ್ಬೊಬ್ಬನಿಗೂ ಒಂದು ಆಯುಧ, ಒಂದು ಹೊಡೆದಾಟ ಹಂಚಿದೆ. ಆ ಹಂಚಿಕೆಯಲ್ಲೇ ಆರು ತಿಂಗಳು ಕಳೆದವು.

ತಪ್ಪಾದದ್ದು ಅಲ್ಲಲ್ಲ. ದಂತಕಥೆಯಲ್ಲಿ ಯಾಂಗ್ ಯೆ ಶತ್ರುವಿನ ಕತ್ತಿಗೆ ಸಾಯುವುದಿಲ್ಲ. ಲೀ ಲಿಂಗ್‌ನ ಹೆಸರಿನ ಶಿಲೆಗೆ ತಲೆ ಅಪ್ಪಳಿಸಿಕೊಂಡು ಸಾಯುತ್ತಾನೆ. ವಿದೇಶದ ಪ್ರೇಕ್ಷಕರಿಗೆ ಲೀ ಲಿಂಗ್ ಯಾರೆಂದು ತಿಳಿಯದು ಎಂದು ನಿರ್ಮಾಪಕರು ಒಮ್ಮೆ ಅಂದರು. ಅಷ್ಟಕ್ಕೇ ನಾನು ಆ ಶಿಲೆಯನ್ನು ತೆಗೆದುಹಾಕಿ, ಸೇನಾನಿ ಕುದುರೆಯ ಮೇಲೆಯೇ ಬಾಣಗಳ ಮಳೆಯಲ್ಲಿ ಬೀಳುವಂತೆ ಬರೆದೆ. ಗೆಳೆಯ ಬೇಡವೆಂದ. ನಾನು ಕೇಳಲಿಲ್ಲ.

ಅದು ನಮ್ಮ ವೀರಗಲ್ಲಿನಂಥ ಕಲ್ಲಲ್ಲ. ಲೀ ಲಿಂಗ್ ಕ್ರಿಸ್ತಪೂರ್ವ 99ರಲ್ಲಿ ಐದು ಸಾವಿರ ಕಾಲಾಳುಗಳೊಂದಿಗೆ ಹೋಗಿ, ಉತ್ತರದ ಅಲೆಮಾರಿ ಷಿಯೊಂಗ್ನುಗಳಿಗೆ ಶರಣಾದ ಪ್ರಾಚೀನ ಹಾನ್ ವಂಶದ ಸೇನಾನಿ. ಅವನ ಕುಟುಂಬವನ್ನು ಚಕ್ರವರ್ತಿ ಕೊಲ್ಲಿಸಿದ. ಅವನ ಪರವಾಗಿ ಮಾತಾಡಿದ ಇತಿಹಾಸಕಾರ ಸಿಮಾ ಚಿಯೆನ್‌ಗೆ ವೃಷಣಚ್ಛೇದದ ಶಿಕ್ಷೆಯಾಯಿತು. ಅಂದರೆ ಅದು ಶರಣಾದವನ ಕಲ್ಲು. ಯಾಂಗ್ ಯೆ ಕೂಡ ಶರಣಾಗಿ ಬಂದವನೇ! ಉತ್ತರ ಹಾನ್ ರಾಜ್ಯದ ಸೇನಾನಿಯಾಗಿದ್ದ ಅವನು 979ರಲ್ಲಿ ತನ್ನ ದೊರೆ ಸೋತ ಮೇಲೆ ಸೊಂಗ್ ಚಕ್ರವರ್ತಿಯ ಸೇವೆಗೆ ಸೇರಿದ. ಕಥೆ ಕಟ್ಟಿದ ಜನ ಸುಮ್ಮನೆ ಒಂದು ಬಂಡೆಯನ್ನು ಅಲ್ಲಿ ನಿಲ್ಲಿಸಿರಲಿಲ್ಲ. ಅವನ ಬದುಕಿನ ಮುಳ್ಳು ಯಾವುದೆಂದು ಅವರಿಗೆ ಗೊತ್ತಿತ್ತು. ಅದನ್ನೇ ನಾನು ಕಿತ್ತು ಎಸೆದಿದ್ದೆ.

ಕಥಾಚರ್ಚೆಯ ದಿನ ಶಾನ್‌ಷಿಯ ಗೀತನಾಟಕದಲ್ಲಿ ಯಾಂಗ್ ಯೆ ಪಾತ್ರ ಮಾಡುತ್ತಿದ್ದ ಹಿರಿಯ ಕಲಾವಿದರೊಬ್ಬರು ಬಂದಿದ್ದರು. ಓದು ಮುಗಿದ ಮೇಲೆ ಕೇಳಿದರು: "ಪಾನ್ ಕೆಟ್ಟವನೆಂದು ನಾನು ಚಿಕ್ಕಂದಿನಿಂದ ಬಲ್ಲೆ. ಸಾಯುತ್ತೇನೆಂದು ಗೊತ್ತಿದ್ದೂ ಆ ಮುದುಕ ಕುದುರೆ ಏರಿದ್ದು ಯಾಕೆ?" ನನ್ನ ನೂರ ಹತ್ತು ಪುಟಗಳಲ್ಲಿ ಉತ್ತರವಿರಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು. ಎರಡು ವರ್ಷದ ಕೆಲಸ ಹೋಯಿತು, ಗೆಳೆಯನೂ ದೂರವಾದ.

ಉತ್ತರ ಇತಿಹಾಸದಲ್ಲೇ ಇತ್ತು. 980ರಲ್ಲಿ ಯಾನ್‌ಮೆನ್ ಗಡಿದ್ವಾರದ ಬಳಿ ಹಿಂದಿನಿಂದ ಸುತ್ತಿ ಬಂದು ಖಿತಾನರನ್ನು ಸೋಲಿಸಿದ ಮೇಲೆ, ಹೊಟ್ಟೆಕಿಚ್ಚಿನ ಸೇನಾನಿಗಳು ಅವನ ಮೇಲೆ ದೂರುಪತ್ರ ಬರೆದರು. ಚಕ್ರವರ್ತಿ ಅವುಗಳನ್ನು ಮುದ್ರೆ ಹಾಕಿ ಯಾಂಗ್ ಯೆಗೇ ಕಳುಹಿಸಿದ. ನಂಬಿಕೆಯ ಗುರುತು ನಿಜ. ಆದರೆ ಅಂಥ ಪತ್ರಗಳನ್ನು ಕೈಯಲ್ಲಿ ಹಿಡಿದವನು ಮುಂದೆ ಎಂದಾದರೂ "ಬೇಡ" ಎನ್ನಬಲ್ಲನೇ? 986ರಲ್ಲಿ, ಈಗ ಮುಂದೆ ನುಗ್ಗುವುದು ಸಾವೆಂದು ಅವನು ಹೇಳಿದಾಗ, ಸೇನೆಯ ಮೇಲ್ವಿಚಾರಕ ವಾಂಗ್ ಶೆನ್, ಅಜೇಯನೆಂದು ಹೆಸರಾದ ನೀನು ಹಿಂಜರಿಯುತ್ತಿರುವುದು ಮನಸ್ಸಿನಲ್ಲಿ ಬೇರೇನೋ ಇದ್ದುದಕ್ಕೋ ಎಂದು ಚುಚ್ಚಿದ. ಆ ಒಂದು ಮಾತಿಗೆ ಯಾಂಗ್ ಯೆ ಹೊರಟ. ಚೆನ್‌ಜಿಯಾಗು ಕಣಿವೆಯ ಬಾಯಲ್ಲಿ ಬಿಲ್ಲುಗಾರರನ್ನು ನಿಲ್ಲಿಸಿರಿ ಎಂದು ಬೇಡಿಕೊಂಡು ಹೋದ. ಸಂಜೆ ಹಿಂದಿರುಗಿದಾಗ ಅಲ್ಲಿ ಒಬ್ಬರೂ ಇರಲಿಲ್ಲ. ಸೆರೆಸಿಕ್ಕ ಮೇಲೆ ಮೂರು ದಿನ ಅನ್ನ ಬಿಟ್ಟು ಸತ್ತ.

ಹಾಗಾಗಿ ಇತಿಹಾಸವೋ ದಂತಕಥೆಯೋ ಎಂಬ ಪ್ರಶ್ನೆಯನ್ನೇ ಬಿಡಿ. ಒಂದು ಉಪವಾಸ ಎನ್ನುತ್ತದೆ, ಇನ್ನೊಂದು ಕಲ್ಲು ಎನ್ನುತ್ತದೆ. ಎರಡೂ ಒಬ್ಬನೇ ಮನುಷ್ಯನ ಮಾತು. ಕೈಬಿಡಬೇಕಾದದ್ದು ಪಾನ್‌ನ ಖಳತನವನ್ನು. ಪಾನ್ ಮೇ ಇತಿಹಾಸದಲ್ಲಿ ವಾಂಗ್ ಶೆನ್‌ನನ್ನು ತಡೆಯಲಾರದೆ ಹೋದ ಸರದಾರ, ಆಮೇಲೆ ಅವನ ದರ್ಜೆ ಮೂರು ಹಂತ ಇಳಿಯಿತು. ಮಕ್ಕಳಲ್ಲಿ ತಂದೆಯೊಡನೆ ಸತ್ತ ಯಾನ್‌ಯೂ, ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಗಡಿ ಕಾದ ಯಾನ್‌ಝಾವೋ (ದಂತಕಥೆಯ ಆರನೆಯವನು), ಶತ್ರುವಿನ ಮನೆಯಲ್ಲಿ ಬಾಳುವ ನಾಲ್ಕನೆಯವನು, ಈ ಮೂವರು ಸಾಕು. ಏಳು ಸಾವುಗಳನ್ನು ನೋಡಿದ ಪ್ರೇಕ್ಷಕ ನಾಲ್ಕನೆಯದಕ್ಕೇ ಅಳುವುದನ್ನು ನಿಲ್ಲಿಸುತ್ತಾನೆ.

ಆ ಸಂಜೆಯ ದೃಶ್ಯವನ್ನೇ ಮೊದಲು ಬರೆಯಿರಿ. ಉಳಿದಿದ್ದ ನೂರು ಚಿಲ್ಲರೆ ಸೈನಿಕರಿಗೆ, ನಿಮಗೆ ಹೆಂಡತಿ ಮಕ್ಕಳಿದ್ದಾರೆ, ಹೋಗಿ ಎಂದು ಯಾಂಗ್ ಯೆ ಹೇಳಿದಾಗ ಯಾರೂ ಕದಲಲಿಲ್ಲ ಎಂದು ಸೊಂಗ್ ವಂಶದ ಇತಿಹಾಸ ಬರೆದಿದೆ. ಅದಕ್ಕಿಂತ ದೊಡ್ಡ ಸಾಹಸ ದೃಶ್ಯ ನಿಮಗೆ ಸಿಗುವುದಿಲ್ಲ. ಬರೆದಾದ ಮೇಲೆ ಕಳುಹಿಸಿ, ನಾನು ಖಂಡಿತ ಓದುತ್ತೇನೆ.