ನಲವತ್ತು ಸಮೀಪಿಸುತ್ತಿರುವಾಗ ಬೆಳಗಿನ ರೇಡಿಯೊ ಕಾರ್ಯಕ್ರಮವನ್ನು ಹೇಗೆ ಆರಿಸಿಕೊಳ್ಳಬೇಕು?
ಇಪ್ಪತ್ತರ ವಯಸ್ಸಿನಿಂದ ಕೇಳುತ್ತ ಬಂದ ಪಾಪ್ ಕೇಂದ್ರದ ಬೆಳಗಿನ ಕಾರ್ಯಕ್ರಮ ಈಗ ಗದ್ದಲವೆನಿಸುತ್ತಿದೆ, ಹಳೆಯ ಹಾಡುಗಳ ಕೇಂದ್ರಕ್ಕೆ ಹೋಗಲು ಮನಸ್ಸಿಲ್ಲ, ಸುದ್ದಿಯ ಕಾರ್ಯಕ್ರಮ ಭಾರವಾಗುತ್ತದೆ, ಹಾಗಾದರೆ ಯಾವುದನ್ನು ಕೇಳಲಿ ಎಂದು ನೀವು ಕೇಳಿದ್ದೀರಿ. ನಾನೂ ಹೆಚ್ಚುಕಡಿಮೆ ಅದೇ ವಯಸ್ಸಿನವನು. ಬೆಳಿಗ್ಗೆ ರೇಡಿಯೊ ಹಾಕದೆ ನನಗೆ ದಿನ ಶುರುವಾಗುವುದಿಲ್ಲ. ಹಾಡುಗಳಿಗಿಂತ ಅವುಗಳ ನಡುವೆ ಮಾತನಾಡುವವರನ್ನು ನೋಡಿ ಕಾರ್ಯಕ್ರಮವನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ.

ನಿಮಗೆ ಗದ್ದಲವೆನಿಸುವುದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಕೇಂದ್ರಗಳು ಕೇಳುಗರ ವಯಸ್ಸನ್ನು ಲೆಕ್ಕ ಹಾಕಿಯೇ ಕಾರ್ಯಕ್ರಮ ರೂಪಿಸುತ್ತವೆ. ಬ್ರಿಟನ್ನಿನ ಬಿಬಿಸಿಯಲ್ಲಿ ಇದು ಬಹಿರಂಗವಾಗಿಯೇ ಕಾಣುತ್ತದೆ. 1967ರ ಸೆಪ್ಟೆಂಬರ್ 30ರಂದು ಒಟ್ಟಿಗೆ ಆರಂಭವಾದ ರೇಡಿಯೊ 1 ಮತ್ತು ರೇಡಿಯೊ 2 ಕೇಂದ್ರಗಳ ಪೈಕಿ ಮೊದಲನೆಯದು ಇಂದು 15ರಿಂದ 29 ವರ್ಷದವರನ್ನು, ಎರಡನೆಯದು 35 ದಾಟಿದವರನ್ನು ಮುಖ್ಯವಾಗಿ ಉದ್ದೇಶಿಸಿದೆ. 2012ರಲ್ಲಿ ರೇಡಿಯೊ 1ರ ಬೆಳಗಿನ ಕಾರ್ಯಕ್ರಮದಿಂದ 38 ವರ್ಷದ ಕ್ರಿಸ್ ಮೊಯ್ಲ್ಸ್ ಅವರು ಹೋಗಿ 28 ವರ್ಷದ ನಿಕ್ ಗ್ರಿಮ್‌ಶಾ ಬಂದಾಗ, ಕೇಳುಗರ ಸರಾಸರಿ ವಯಸ್ಸನ್ನು ಇಳಿಸಬೇಕೆಂಬ ಉದ್ದೇಶ ಅದರ ಹಿಂದಿತ್ತು. 1990ರ ದಶಕದ ಕೊನೆಯಲ್ಲಿ ರೇಡಿಯೊ 1ರ ಬೆಳಗನ್ನು ನಡೆಸಿದ ಜೋಯಿ ಬಾಲ್ ಅವರು 2019ರಲ್ಲಿ ರೇಡಿಯೊ 2ರ ಬೆಳಗಿಗೆ ಬಂದರು. ನಿರೂಪಕರೇ ಹೀಗೆ ಕೇಂದ್ರ ಬದಲಿಸುವಾಗ ಕೇಳುಗರು ಸಂಕೋಚಪಡಬೇಕಾಗಿಲ್ಲ.

ಹಳೆಯ ಹಾಡುಗಳ ಕೇಂದ್ರದ ಬಗ್ಗೆ ನಿಮಗಿರುವ ಹಿಂಜರಿಕೆ ನನಗೂ ಇದೆ. ಹದಿಹರೆಯದಲ್ಲಿ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ಕೇಳಿದ ಸಂಗೀತವೇ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ, ಆ ಕೇಂದ್ರಗಳೂ ಅದನ್ನೇ ನಂಬಿ ನಡೆಯುತ್ತವೆ. ಮೊದಲ ವಾರ ಅದು ಹಿತವಾಗಿರುತ್ತದೆ. ಆದರೆ ಅವುಗಳ ಪ್ಲೇಲಿಸ್ಟ್ ಸಾಮಾನ್ಯವಾಗಿ ಚಿಕ್ಕದಾಗಿರುವುದರಿಂದ ಅವೇ ಹಾಡುಗಳು ಮತ್ತೆ ಮತ್ತೆ ಬರತೊಡಗುತ್ತವೆ, ನಿಮ್ಮ ಪ್ರೀತಿಯ ಹಾಡು ನಿಮ್ಮ ಕಿವಿಯಲ್ಲೇ ಸವೆದುಹೋಗುತ್ತದೆ.

ಮಾತಿನ ವಿಷಯವೇ ಬೇರೆ. ಒಳ್ಳೆಯ ನಿರೂಪಕರು ಹಾಡಿನ ಆರಂಭದ ವಾದ್ಯಸಂಗೀತದ ಮೇಲೆ ಮಾತನಾಡುತ್ತ, ಗಾಯಕರ ಮೊದಲ ಪದ ಹೊರಡುವ ಕ್ಷಣಕ್ಕೆ ಸರಿಯಾಗಿ ನಿಲ್ಲಿಸುವುದನ್ನು ಗಮನಿಸಿ. ಅದು ವರ್ಷಗಳ ಅಭ್ಯಾಸದಿಂದ ಮಾತ್ರ ಬರುವ ಕೌಶಲ. ಅದಕ್ಕಿಂತಲೂ ಮುಖ್ಯವಾಗಿ, ಕರೆ ಮಾಡಿದ ಕೇಳುಗರೊಬ್ಬರು ತಡವರಿಸಿದಾಗ ನಿರೂಪಕರು ಅವರನ್ನು ನಗೆಪಾಟಲು ಮಾಡುತ್ತಾರೋ, ಮಾತು ಮುಗಿಯುವವರೆಗೆ ಕಾಯುತ್ತಾರೋ ಎಂಬುದನ್ನು ನೋಡಿ. ಇಪ್ಪತ್ತರಲ್ಲಿ ನಮಗೆ ಹಿಡಿಸುತ್ತಿದ್ದ ಕುಚೋದ್ಯದ ಕರೆಗಳು ಈಗ ಕಿರಿಕಿರಿ ಮಾಡುವುದು, ಕರೆಯ ಆ ತುದಿಯಲ್ಲಿರುವವರ ಮುಜುಗರ ನಮಗೆ ಈಗ ಅರ್ಥವಾಗುವುದರಿಂದ ಎಂದು ನಾನು ಭಾವಿಸುತ್ತೇನೆ. ಯಾರು ನಿಮ್ಮನ್ನು ಸಹಜವಾಗಿ, ಕೂಗಾಡದೆ ಎಚ್ಚರಿಸುತ್ತಾರೋ ಅವರು ಯಾವ ಕೇಂದ್ರದಲ್ಲಿದ್ದರೂ ಅಲ್ಲಿಗೆ ಹೋಗಿ.

ಸುದ್ದಿಯನ್ನು ಪೂರ್ತಿಯಾಗಿ ಬಿಡಬೇಕಾಗಿಲ್ಲ. 1957ರಿಂದ ನಡೆದುಬಂದಿರುವ ಬಿಬಿಸಿಯ ಟುಡೇಯಂತಹ ಕಾರ್ಯಕ್ರಮಗಳು ವಾರದ ದಿನಗಳಲ್ಲಿ ಮೂರು ಗಂಟೆ ನಡೆಯುವುದು, ಬೇರೆ ಬೇರೆ ಹೊತ್ತಿಗೆ ಏಳುವವರು ತಮಗೆ ಬೇಕಾದಷ್ಟನ್ನು ಕೇಳಿ ಎದ್ದುಹೋಗಲೆಂದೇ. ಮುಖ್ಯಾಂಶಗಳು ಅಲ್ಲಿ ಪುನರಾವರ್ತನೆಯಾಗುತ್ತಲೇ ಇರುತ್ತವೆ. ನಾನು ಗಂಟೆಯ ಆರಂಭದ ವಾರ್ತೆಯನ್ನು ಕೇಳಿ, ರಾಜಕಾರಣಿಗಳ ಸಂದರ್ಶನದ ವಾಗ್ವಾದ ಶುರುವಾಗುವ ಹೊತ್ತಿಗೆ ಸಂಗೀತದ ಕೇಂದ್ರಕ್ಕೆ ಬದಲಾಯಿಸುತ್ತೇನೆ. ಹೊಸ ಕಾರ್ಯಕ್ರಮವನ್ನು ಪರೀಕ್ಷಿಸುವಾಗ ಒಂದು ವಾರ ಪ್ರತಿದಿನವೂ ಅದೇ ಅರ್ಧ ಗಂಟೆ ಕೇಳಿ, ಮತ್ತು ಆ ವಾರ ನಿರೂಪಕರು ರಜೆಯಲ್ಲಿದ್ದು ಬದಲಿಯವರು ಬಂದಿದ್ದರೆ ನಿರ್ಧಾರವನ್ನು ಮುಂದಿನ ವಾರಕ್ಕೆ ಮುಂದೂಡಿ.